ಸ್ಕೋರ್ ಇಳಿದರೆ ಸಾಕಾ? ಆಟಿಸಂ ಇರುವ ವಯಸ್ಕರ ಥೆರಪಿಯನ್ನು ನಾನು ಅಳೆಯುವ ರೀತಿ

ಆಟಿಸಂ ಅಂದ ಕೂಡಲೇ ನಮ್ಮಲ್ಲಿ ಮಕ್ಕಳೇ ಕಣ್ಣ ಮುಂದೆ ಬರುತ್ತಾರೆ. ಆ ಮಕ್ಕಳು ದೊಡ್ಡವರಾಗುತ್ತಾರೆ, ಕೆಲಸಕ್ಕೆ ಹೋಗುತ್ತಾರೆ, ಕೆಲವರು ಮದುವೆಯಾಗುತ್ತಾರೆ. ಅವರಿಗೂ ಖಿನ್ನತೆ ಬರುತ್ತದೆ, ಆತಂಕ ಬರುತ್ತದೆ, ಉಳಿದವರಿಗಿಂತ ಜಾಸ್ತಿಯೇ ಬರುತ್ತದೆ. ನಾನು ಬೆಂಗಳೂರಿನಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್. ನನ್ನ ಹತ್ತಿರ ಥೆರಪಿಗೆ ಬರುವವರಲ್ಲಿ ಆಟಿಸಂ ಇರುವ ವಯಸ್ಕರು ಬಹಳ. ಎಷ್ಟೋ ಜನಕ್ಕೆ ತಮಗಿರುವುದು ಆಟಿಸಂ ಅಂತ ಗೊತ್ತಾದದ್ದೇ ಮೂವತ್ತರ ಆಸುಪಾಸಿನಲ್ಲಿ. ಅವರಿಗೆ ಕೊಡುವ ಥೆರಪಿಯಿಂದ ನಿಜಕ್ಕೂ ಉಪಯೋಗ ಆಯಿತಾ ಅಂತ ತಿಳಿಯುವುದು ಹೇಗೆ? ಈ ಕೆಲಸವನ್ನು ನಾನು ಮಾಡುವ ರೀತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ಬರುವವರ ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ಮನೆಯವರು ಮೊದಲು ಕೇಳುವುದು ಒಂದೇ ಪ್ರಶ್ನೆ. "ಮೇಡಂ, ಆರು ತಿಂಗಳಲ್ಲಿ ಆಟಿಸಂ ಎಷ್ಟು ಕಡಿಮೆ ಆಗತ್ತೆ?" ಕೈಯಲ್ಲಿ ಐಸಾ ರಿಪೋರ್ಟ್ ಇರುತ್ತದೆ. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ರೂಪಿಸಿದ, 40 ಅಂಶಗಳ, ಅಂಗವೈಕಲ್ಯ ಸರ್ಟಿಫಿಕೇಟಿಗೆ ಬಳಸುವ ಅಳತೆ ಅದು. 70 ಅಥವಾ ಮೇಲೆ ಬಂದರೆ ಆಟಿಸಂ ಅಂತ ಲೆಕ್ಕ. ಸರ್ಟಿಫಿಕೇಟಿಗೆ ಅದು ಬೇಕು, ನಿಜ. ಆದರೆ ಖಿನ್ನತೆಗೆ ಕೊಟ್ಟ ಥೆರಪಿ ಕೆಲಸ ಮಾಡಿತಾ ಅಂತ ಅದರಿಂದ ಗೊತ್ತಾಗುವುದಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದ, ಕೈ ಆಡಿಸುವುದು ನಿಲ್ಲಿಸಿದ ಅನ್ನುವುದನ್ನು ನಾನು ಸುಧಾರಣೆ ಅಂತ ಬರೆಯುವುದೇ ಇಲ್ಲ. ಮೊದಲ ದಿನವೇ ಇದನ್ನು ಮನೆಯವರಿಗೂ, ಬಂದವರಿಗೂ ಬಿಡಿಸಿ ಹೇಳುತ್ತೇನೆ. ನಾವು ಅಳೆಯುವುದು ನೋವನ್ನು, ಬದುಕನ್ನು. ಆಟಿಸಂ ಅನ್ನು ಅಲ್ಲ.

ಖಿನ್ನತೆಗೆ ಎಲ್ಲರೂ ಬಳಸುವ ಫಾರ್ಮ್ ಪಿಎಚ್‌ಕ್ಯು-9. 2001ರಲ್ಲಿ ಬಂದದ್ದು. ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ರಿಂದ 3, ಒಟ್ಟು 27. ಕಳೆದ ಎರಡು ವಾರದಲ್ಲಿ ಹೇಗಿದ್ದಿರಿ ಅಂತ ಕೇಳುತ್ತದೆ. 10 ಅಥವಾ ಜಾಸ್ತಿ ಬಂದರೆ ಖಿನ್ನತೆ ಇರಬಹುದು ಅಂತ ನೋಡುತ್ತಾರೆ. ಇಂಗ್ಲೆಂಡಿನ ಸರ್ಕಾರಿ ಥೆರಪಿ ಸೇವೆಯಲ್ಲಿ ಈ ಅಂಕ 10ಕ್ಕಿಂತ ಕೆಳಗೆ, ಆತಂಕ ಅಳೆಯುವ ಗ್ಯಾಡ್-7 ಫಾರ್ಮಿನ ಅಂಕ 8ಕ್ಕಿಂತ ಕೆಳಗೆ ಇಳಿದರೆ ಗುಣವಾದರು ಅಂತ ಲೆಕ್ಕ ಹಾಕುತ್ತಾರೆ. ನಾನೂ ಈ ಫಾರ್ಮ್ ಬಳಸುತ್ತೇನೆ. ಆದರೆ ಒಟ್ಟು ಅಂಕವನ್ನು ಕೊನೆಗೆ ನೋಡುತ್ತೇನೆ.

ಯಾಕೆ ಅಂತ ಒಬ್ಬರ ಫಾರ್ಮ್ ತೋರಿಸಿಯೇ ಹೇಳಬೇಕು. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿರುವ 27ರ ಯುವಕ. ಫಾರ್ಮ್ ತುಂಬಿ ಕೊಟ್ಟಾಗ ಅಂಚಿನಲ್ಲೆಲ್ಲ ಸಣ್ಣ ಅಕ್ಷರದಲ್ಲಿ ಬರೆದಿದ್ದರು. ನಿದ್ದೆಯ ಪ್ರಶ್ನೆಯ ಪಕ್ಕ: "ಮೂರನೇ ಕ್ಲಾಸಿಂದ ಹೀಗೇ. ಇದನ್ನ ತೊಂದರೆ ಅಂತ ಹಾಕಬೇಕಾ?" ಹಸಿವಿನ ಪ್ರಶ್ನೆಯ ಪಕ್ಕ: "ಹಸಿವು ಗೊತ್ತಾಗಲ್ಲ. ಟೈಮ್ ನೋಡ್ಕೊಂಡು ತಿಂತೀನಿ. ದಿನಾ ಮೊಸರನ್ನ." ಎಂಟನೇ ಪ್ರಶ್ನೆ ಚಡಪಡಿಕೆಯದು. ಅಲ್ಲಿ: "ಕೈ ಯಾವಾಗ್ಲೂ ಆಡ್ತಾ ಇರತ್ತೆ. ಖುಷಿಯಾದಾಗ ಇನ್ನೂ ಜಾಸ್ತಿ." ಒಟ್ಟು 17 ಬಂದಿತ್ತು.

ಅವರಿಗೆ ಅದೇ ಫಾರ್ಮಿನ ಇನ್ನೊಂದು ಪ್ರತಿ ಕೊಟ್ಟೆ. "ನೀವು ಚೆನ್ನಾಗಿದ್ದ ಕಾಲ ಅಂತ ಯಾವುದನ್ನ ಹೇಳ್ತೀರಿ? ಆಗಿನ ಒಂದು ಸಾಮಾನ್ಯ ಎರಡು ವಾರ ನೆನಪಿಸಿಕೊಂಡು ತುಂಬಿ" ಅಂದೆ. ಅವರು ಇಂಜಿನಿಯರಿಂಗ್ ಕೊನೆಯ ವರ್ಷವನ್ನು ಆರಿಸಿಕೊಂಡರು. ಪ್ರಾಜೆಕ್ಟಿನಲ್ಲಿ ಮುಳುಗಿ ಹೋಗಿದ್ದ, ಬದುಕಿನಲ್ಲೇ ತುಂಬ ಖುಷಿಯಾಗಿದ್ದ ಕಾಲ. ಆ ಫಾರ್ಮಿನಲ್ಲಿ ಬಂದ ಅಂಕ 9. ನಿದ್ದೆಗೆ 3, ಹಸಿವಿಗೆ 2, ಗಮನಕ್ಕೆ 1, ಚಡಪಡಿಕೆಗೆ 3. ಅಂದರೆ ಮನಸ್ಸಿಗೆ ಯಾವ ನೋವೂ ಇಲ್ಲದ ದಿನಗಳಲ್ಲೂ ಇವರ ಅಂಕ 9. ಖಾಲಿ ತಕ್ಕಡಿಯೇ ಒಂದು ಕಡೆ ವಾಲಿದ್ದರೆ, ಆ ವಾಲು ಎಷ್ಟು ಅಂತ ನೋಡಿಕೊಂಡೇ ತೂಕ ಹೇಳಬೇಕಲ್ವಾ?

ಥೆರಪಿ ಮುಗಿಯುವ ಹೊತ್ತಿಗೆ ಅವರ ಅಂಕ 10ಕ್ಕೆ ಬಂದಿತ್ತು. ಇಂಗ್ಲೆಂಡಿನ ಲೆಕ್ಕದಲ್ಲಿ ಅವರು ಇನ್ನೂ ಗುಣವಾಗಿಲ್ಲ. ಅವರ ಸ್ವಂತ ಲೆಕ್ಕದಲ್ಲಿ ಬಹುತೇಕ ದಡ ಸೇರಿದ್ದರು. ಆಸಕ್ತಿ, ಬೇಸರ, ತನ್ನ ಬಗ್ಗೆ ಕೀಳು ಭಾವನೆ, ಸಾವಿನ ಯೋಚನೆ, ಈ ನಾಲ್ಕು ಪ್ರಶ್ನೆಗಳ ಅಂಕವನ್ನು ನಾನು ಬೇರೆಯಾಗಿ ಕೂಡಿಸಿ ಇಡುತ್ತೇನೆ. ಅದು 8ರಿಂದ 1ಕ್ಕೆ ಇಳಿದಿತ್ತು. ಇನ್ನೂ ಇಳಿಸಬೇಕು ಅಂತ ಹಟ ಹಿಡಿದಿದ್ದರೆ ನಾವಿಬ್ಬರೂ ಅವರ ಮೊಸರನ್ನದ ಜೊತೆ, ಆಡುವ ಕೈಗಳ ಜೊತೆ ಜಗಳಕ್ಕೆ ಕೂರಬೇಕಿತ್ತು.

ಈ "ಚೆನ್ನಾಗಿದ್ದ ಕಾಲದ ಫಾರ್ಮ್" ನೆನಪಿನ ಮೇಲೆ ನಿಂತದ್ದು, ಹಾಗಾಗಿ ಅಂದಾಜು ಅಷ್ಟೇ. ಅಕ್ಕನೋ ಹಳೆಯ ರೂಮ್‌ಮೇಟೋ ಇದ್ದರೆ, ಬಂದವರ ಒಪ್ಪಿಗೆ ಪಡೆದು ಅವರನ್ನೂ ಕೇಳುತ್ತೇನೆ. ಕೆಲವರು "ನಾನು ಚೆನ್ನಾಗಿದ್ದ ಕಾಲವೇ ಇಲ್ಲ" ಅನ್ನುತ್ತಾರೆ. ಆಗ ಒತ್ತಾಯ ಮಾಡುವುದಿಲ್ಲ. "ಇದ್ದದ್ದರಲ್ಲಿ ಕಡಿಮೆ ಕೆಟ್ಟ ಕಾಲ ಯಾವುದು?" ಅಂತ ಕೇಳುತ್ತೇನೆ, ಅದಕ್ಕೆ ಉತ್ತರ ಸಿಗುತ್ತದೆ.

ಫಾರ್ಮಿನ ಪ್ರಶ್ನೆಗಳೂ ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವಲ್ಲ. "ಹಲವು ದಿನ", "ಅರ್ಧಕ್ಕಿಂತ ಹೆಚ್ಚು ದಿನ" ಅಂದರೆ ಎಷ್ಟು? ಎರಡು ವಾರದಲ್ಲಿ ಇವತ್ತು ಸೇರಿತಾ? ಇಂಥ ಪ್ರಶ್ನೆ ಕೇಳಿದವರನ್ನು ಹಟಮಾರಿ ಅಂದುಕೊಳ್ಳಬಾರದು. ಅವರು ಸರಿಯಾದ ಉತ್ತರ ಕೊಡಬೇಕು ಅಂತ ಕಷ್ಟಪಡುತ್ತಿದ್ದಾರೆ. ನಾನು ಒಂದು ಕ್ಯಾಲೆಂಡರ್ ಹಾಳೆ ಕೊಡುತ್ತೇನೆ, 14 ದಿನಗಳಿಗೆ ಗುರುತು ಹಾಕಿ. ಎಷ್ಟು ದಿನ ಅಂತ ಸಂಖ್ಯೆ ಬರೆದರೆ ಸಾಕು. ಒಂದು ದಿನ ಅಥವಾ ಇಲ್ಲವೇ ಇಲ್ಲ ಅಂದರೆ 0, 2ರಿಂದ 6 ದಿನಕ್ಕೆ 1, 7ರಿಂದ 11ಕ್ಕೆ 2, 12ರಿಂದ 14ಕ್ಕೆ 3. ಫಾರ್ಮನ್ನು ಹಿಂದಿನ ದಿನವೇ ಕಳಿಸುತ್ತೇನೆ. ಟ್ರಾಫಿಕ್ಕು, ವೇಟಿಂಗ್ ರೂಮಿನ ಟಿವಿ, ಟ್ಯೂಬ್‌ಲೈಟು ಇವೆಲ್ಲ ದಾಟಿ ಬಂದು ಕೂತವರ ಕೈಗೆ ಪೆನ್ನು ಕೊಟ್ಟರೆ ಸಿಗುವುದು ಆ ಒಂದು ಗಂಟೆಯ ಸುಸ್ತಿನ ಲೆಕ್ಕ. ಮನೆಯಲ್ಲಿ, ತಮ್ಮ ಕುರ್ಚಿಯಲ್ಲಿ ಕೂತು ತುಂಬಿದ್ದು ಬೇರೆಯೇ ಇರುತ್ತದೆ. ಹೇಗೆ ಶುರು ಮಾಡಿದೆವೋ ಕೊನೆವರೆಗೂ ಹಾಗೇ ತುಂಬಿಸಬೇಕು. ಮಧ್ಯದಲ್ಲಿ ರೀತಿ ಬದಲಿಸಿದರೆ ಅಂಕ ಹೋಲಿಸಲು ಬರುವುದಿಲ್ಲ.

ಇನ್ನು ಅಂಕ ಏರುವ ವಿಷಯ. ಆಟಿಸಂ ಇರುವ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ತಮಗೆ ಏನು ಅನ್ನಿಸುತ್ತಿದೆ ಅಂತ ಗುರುತಿಸುವುದು, ಹೇಳುವುದು ಕಷ್ಟ. ಇದಕ್ಕೆ ಅಲೆಕ್ಸಿಥೈಮಿಯಾ ಅನ್ನುತ್ತಾರೆ. ಅಳೆಯಲು ಟೊರೊಂಟೊ ಸ್ಕೇಲ್ ಅಂತ 20 ಪ್ರಶ್ನೆಗಳ ಪಟ್ಟಿ ಇದೆ, 61 ಅಥವಾ ಮೇಲೆ ಬಂದರೆ ಈ ಕಷ್ಟ ಜಾಸ್ತಿ ಇದೆ ಅಂತ. ಇದನ್ನು ಮೊದಲೇ ಮಾಡಿಸಿಡುತ್ತೇನೆ. ಯಾಕೆಂದರೆ ಈ ಕಷ್ಟ ಇರುವವರು "ಆತಂಕ ಇದೆಯಾ?" ಅಂದರೆ "ಇಲ್ಲ" ಅನ್ನುತ್ತಾರೆ. ಸುಳ್ಳಲ್ಲ, ಅವರಿಗೆ ಅದು ಕಾಣಿಸುತ್ತಿಲ್ಲ.

ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಒಬ್ಬ ಮಹಿಳೆ ಬಂದಾಗ ಗ್ಯಾಡ್-7ರಲ್ಲಿ ಅವರ ಅಂಕ 5. ಹೊಟ್ಟೆನೋವು ಅಂತ ಎಲ್ಲಾ ಟೆಸ್ಟ್ ಮಾಡಿಸಿಕೊಂಡು ಬಂದಿದ್ದರು. ಎರಡು ತಿಂಗಳು ಹೊಟ್ಟೆ, ಭುಜ, ದವಡೆ, ಉಸಿರು ಇವನ್ನು ಗಮನಿಸುವ ಅಭ್ಯಾಸ ಮಾಡಿದೆವು. ಅಂಕ 12ಕ್ಕೆ ಏರಿತು. ಆ ಫಾರ್ಮಿನಲ್ಲಿ 4 ಅಂಕದ ವ್ಯತ್ಯಾಸವಾದರೆ ಅದು ನಿಜವಾದ ಬದಲಾವಣೆ ಅಂತ ಒಂದು ಒಪ್ಪಿತ ಲೆಕ್ಕ ಇದೆ. ಆ ಪ್ರಕಾರ ಅವರು ಹದಗೆಟ್ಟಿದ್ದಾರೆ ಅಂತಾಯಿತು. ಆದರೆ ಅದೇ ಎರಡು ತಿಂಗಳಲ್ಲಿ ಅವರು ಶಾಲೆಗೆ ರಜೆ ಹಾಕುವುದು ಕಡಿಮೆಯಾಗಿತ್ತು, ಊಟ ಬಿಟ್ಟ ದಿನ ಕಡಿಮೆಯಾಗಿತ್ತು. "ಪೇರೆಂಟ್ಸ್ ಮೀಟಿಂಗ್ ದಿನ ಬೆಳಿಗ್ಗೆ ಹೊಟ್ಟೆ ಹಿಂಡತ್ತಲ್ಲ, ಅದು ಭಯ ಅಂತ ಈಗ ಗೊತ್ತಾಯ್ತು" ಅಂದರು. ಮೊದಲು ಹೆಸರಿಲ್ಲದ ಹೊಟ್ಟೆನೋವಾಗಿದ್ದದ್ದು ಈಗ ಫಾರ್ಮಿನಲ್ಲಿ ಜಾಗ ಪಡೆದಿತ್ತು, ಅಷ್ಟೇ.

ಹಾಗಂತ ಅಂಕ ಏರಿದ್ದೆಲ್ಲ ಒಳ್ಳೆಯದಕ್ಕೇ ಅಂದುಕೊಳ್ಳುವುದು ಅಪಾಯ. ನಾನು ಇಟ್ಟುಕೊಂಡ ನಿಯಮ ಹೀಗಿದೆ. ಅಂಕ ಏರಿದಾಗ ಹೊರಗೆ ಕಾಣುವ ಸಂಗತಿಗಳು, ಅಂದರೆ ರಜೆ, ಊಟ, ಸ್ನಾನ, ಮಲಗಿ ಎದ್ದ ಹೊತ್ತು, ಮಾತು ನಿಂತುಹೋದ ದಿನಗಳು ಇವು ಸುಧಾರಿಸಿದ್ದರೆ ಕಾದು ನೋಡುತ್ತೇನೆ. ಇವೂ ಕೆಟ್ಟಿದ್ದರೆ ಅಥವಾ ಸಾವಿನ ಯೋಚನೆ ಜಾಸ್ತಿಯಾಗಿದ್ದರೆ, ಹದಗೆಟ್ಟಿದ್ದಾರೆ ಅಂತಲೇ ತಿಳಿದು ಅವತ್ತೇ ಮುಂದಿನ ಹೆಜ್ಜೆ ಇಡುತ್ತೇನೆ.

ಸಾವಿನ ಯೋಚನೆಯನ್ನು ನಾನು ಫಾರ್ಮಿಗೆ ಬಿಡುವುದಿಲ್ಲ. ಆಟಿಸಂ ಇರುವವರಲ್ಲಿ ಈ ಅಪಾಯ ಜಾಸ್ತಿ, ಅದೂ ಚೆನ್ನಾಗಿ ಮಾತಾಡುವ, ಕೆಲಸಕ್ಕೆ ಹೋಗುವ, ಹೊರಗಿನವರಿಗೆ ಏನೂ ಗೊತ್ತಾಗದ ಜನರಲ್ಲಿ. ಸುತ್ತಿ ಬಳಸಿ ಕೇಳಿದರೆ ಉತ್ತರ ಸಿಗುವುದಿಲ್ಲ. ನೇರವಾಗಿ, ಸರಳ ಮಾತಿನಲ್ಲಿ ಕೇಳುತ್ತೇನೆ. ಬಾಯಲ್ಲಿ ಹೇಳಲಾಗದಿದ್ದರೆ ಬರೆಯಬಹುದು, ಟೈಪ್ ಮಾಡಬಹುದು. ಮುಖ ನೋಡಿ ತೀರ್ಮಾನಕ್ಕೆ ಬರುವುದಿಲ್ಲ. ನಗುತ್ತಲೇ, ಒಂದೇ ದನಿಯಲ್ಲಿ ತೀರಾ ಗಂಭೀರವಾದ ಮಾತು ಹೇಳುವವರು ಇದ್ದಾರೆ. ರಾತ್ರಿ ಹೊತ್ತು ಬೇಕಾದರೆ ಅಂತ ಟೆಲಿ ಮಾನಸ್‌ನ 14416 ನಂಬರನ್ನು ಎಲ್ಲರ ಫೋನಿನಲ್ಲೂ ಸೇವ್ ಮಾಡಿಸುತ್ತೇನೆ. ಕನ್ನಡದಲ್ಲೂ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ನನಗೆ ತುಂಬ ಮುಖ್ಯ ಅನ್ನಿಸುವ ಅಳತೆಗೆ ಈಗ ಬರುತ್ತೇನೆ. ಜನರ ನಡುವೆ ಇರಲು ಭಯ ಅಂತ ಬಂದವರಿಗೆ ಲೀಬೊವಿಟ್ಜ್ ಸ್ಕೇಲ್ ಕೊಡುವುದು ರೂಢಿ. 24 ಸಂದರ್ಭ, ಒಂದೊಂದರಲ್ಲೂ ಎಷ್ಟು ಭಯ, ಎಷ್ಟು ತಪ್ಪಿಸಿಕೊಳ್ಳುತ್ತೀರಿ ಅಂತ. ಥೆರಪಿ ಆದ ಮೇಲೆ ತಪ್ಪಿಸಿಕೊಳ್ಳುವುದು ಕಡಿಮೆಯಾಗುತ್ತದೆ, ಅಂಕ ಇಳಿಯುತ್ತದೆ, ಮನೆಯವರಿಗೆ ಖುಷಿ. ಒಬ್ಬ ತಾಯಿ ಫೋನ್ ಮಾಡಿ, "ತಂಗಿ ಮದುವೇಲಿ ಎಲ್ಲರನ್ನೂ ಮಾತಾಡಿಸಿದ ಮೇಡಂ, ಮುಹೂರ್ತದಿಂದ ಊಟದ ತನಕ ನಿಂತೇ ಇದ್ದ, ನಗ್ತಾ ಇದ್ದ" ಅಂದರು. ಮಗ ಮುಂದಿನ ಸೆಷನ್ನಿಗೆ ಬಂದಾಗ ಕೇಳಿದೆ. ಮದುವೆ ಮನೆಯಿಂದ ಬಂದವರು ನಾಲ್ಕು ದಿನ ರೂಮಿನಿಂದ ಹೊರಗೆ ಬಂದಿರಲಿಲ್ಲ. ಲೈಟ್ ಹಾಕಿರಲಿಲ್ಲ. ಎರಡು ದಿನ ಮಾತು ಬಂದಿರಲಿಲ್ಲ. ವಾಲಗದ ಸದ್ದು, ಹೂವಿನ ವಾಸನೆ, ಬೆನ್ನು ತಟ್ಟುವ ಕೈಗಳು, ಯಾರಿಗೆ ಎಷ್ಟು ನಗಬೇಕು ಅನ್ನುವ ಲೆಕ್ಕ. "ಎಲ್ಲರ ಹಾಗೆ ನಟಿಸಿದೆ ಮೇಡಂ, ಚೆನ್ನಾಗೇ ಮಾಡಿದೆ" ಅಂದರು.

ಈ ನಟನೆಗೆ ಮಾಸ್ಕಿಂಗ್ ಅನ್ನುತ್ತಾರೆ. ಅದನ್ನು ಅಳೆಯಲು 2019ರಲ್ಲಿ ಇಂಗ್ಲೆಂಡಿನ ಸಂಶೋಧಕರು ಕ್ಯಾಟ್-ಕ್ಯು ಅನ್ನುವ ಪ್ರಶ್ನಾವಳಿ ತಂದರು. 25 ಪ್ರಶ್ನೆ, ಒಂದೊಂದಕ್ಕೆ 1ರಿಂದ 7. ಮಾಸ್ಕಿಂಗ್ ಜಾಸ್ತಿ ಇರುವವರಲ್ಲಿ ಖಿನ್ನತೆ, ಆತಂಕವೂ ಜಾಸ್ತಿ ಅಂತ ಎಷ್ಟೋ ಅಧ್ಯಯನಗಳಲ್ಲಿ ಕಂಡಿದೆ. ಹಾಗಾಗಿ ಲೀಬೊವಿಟ್ಜ್ ಅಂಕ ಇಳಿಯುವಾಗ ಕ್ಯಾಟ್-ಕ್ಯು ಅಂಕ ಏರುತ್ತಿದ್ದರೆ ನಾನು ಅದನ್ನು ಗೆಲುವು ಅಂತ ಬರೆಯುವುದಿಲ್ಲ. ಅವರಿಗೆ ಇನ್ನೂ ಚೆನ್ನಾಗಿ ನಟಿಸುವುದನ್ನು ಕಲಿಸಿಬಿಟ್ಟೆವಾ ಅಂತ ಥೆರಪಿಯನ್ನೇ ತಿರುಗಿ ನೋಡುತ್ತೇನೆ.

ಇದರ ಜೊತೆ ಒಂದು ಸಾದಾ ಪ್ರಶ್ನೆ ಇಟ್ಟುಕೊಂಡಿದ್ದೇನೆ. ಅದಕ್ಕೆ ಫಾರ್ಮ್ ಬೇಕಿಲ್ಲ. "ಅಲ್ಲಿಂದ ಬಂದ ಮೇಲೆ ಸುಧಾರಿಸಿಕೊಳ್ಳೋಕೆ ಎಷ್ಟು ಹೊತ್ತು ಬೇಕಾಯ್ತು?" ಆಫೀಸ್ ಮೀಟಿಂಗ್, ಮೆಟ್ರೋ ಪ್ರಯಾಣ, ನೆಂಟರ ಮನೆ, ಪ್ರತಿಯೊಂದಕ್ಕೂ ಗಂಟೆ ಲೆಕ್ಕದಲ್ಲಿ ಉತ್ತರ ಬರೆದುಕೊಳ್ಳುತ್ತೇವೆ. ಭಾವನೆಗೆ ಹೆಸರು ಕೊಡಲಾಗದವರೂ ಇದಕ್ಕೆ ಕರಾರುವಾಕ್ಕಾಗಿ ಉತ್ತರ ಕೊಡುತ್ತಾರೆ. ತಂಗಿ ಮದುವೆಯಲ್ಲಿ ನಟಿಸಿ ಬಂದ ಆ ಯುವಕನ ಜೊತೆ ಮುಂದೆ ನಾವು ಮಾಡಿದ ಕೆಲಸವೆಲ್ಲ ಈ ಗಂಟೆಗಳನ್ನು ಇಳಿಸುವ ಕೆಲಸ. ಇಯರ್‌ಪ್ಲಗ್, ಮಧ್ಯೆ ಎದ್ದು ಕಾರಿನಲ್ಲಿ ಹೋಗಿ ಕೂರುವ ಒಪ್ಪಂದ, ಊಟಕ್ಕೆ ಮೊದಲ ಪಂಕ್ತಿ, ಅಲ್ಲಿಂದ ನೇರ ಮನೆಗೆ. ಮುಂದಿನ ಗೃಹಪ್ರವೇಶಕ್ಕೆ ಹೋದವರು ಒಂದೂವರೆ ಗಂಟೆ ಇದ್ದು ಬಂದರು, ಯಾರ ಜೊತೆಗೂ ಹೆಚ್ಚು ಮಾತಾಡಲಿಲ್ಲ. ಸಂಜೆ ಹೊತ್ತಿಗೆ ಸರಿಹೋದರು. ತಾಯಿಗೆ ಬೇಜಾರಾಯಿತು. ನನ್ನ ಪುಸ್ತಕದಲ್ಲಿ ಅದು ದೊಡ್ಡ ಸುಧಾರಣೆ, ಮಗನ ಲೆಕ್ಕದಲ್ಲೂ ಹಾಗೇ.

ಖಿನ್ನತೆಯ ಹಾಗೇ ಕಾಣುವ ಆಟಿಸ್ಟಿಕ್ ಬರ್ನ್‌ಔಟ್ ಅಂತ ಇನ್ನೊಂದಿದೆ. 2020ರಲ್ಲಿ ಅಮೆರಿಕದ ಪೋರ್ಟ್‌ಲೆಂಡಿನ ಸಂಶೋಧಕರು ಆಟಿಸಂ ಇರುವವರನ್ನೇ ಜೊತೆಗೆ ಸೇರಿಸಿಕೊಂಡು ಇದನ್ನು ವಿವರಿಸಿದರು. ತಿಂಗಳುಗಟ್ಟಲೆ ತೀರದ ಸುಸ್ತು, ಮೊದಲು ಬರುತ್ತಿದ್ದ ಕೆಲಸಗಳೇ ಬಾರದಾಗುವುದು, ಸದ್ದು ಬೆಳಕು ಮೊದಲಿಗಿಂತ ಸಹಿಸಲಾಗದಿರುವುದು. ಖಿನ್ನತೆಗೆ "ದಿನಕ್ಕೆ ಒಂದಾದರೂ ಚಟುವಟಿಕೆ ಮಾಡಿ" ಅಂತ ಹೇಳುವುದು ಒಳ್ಳೆಯ ಥೆರಪಿ. ಇವರಿಗೆ ಅದರಿಂದ ಸುಸ್ತು ಜಾಸ್ತಿಯಾಗಬಹುದು. ಹಾಗಾಗಿ ಮೊದಲೇ ಒಂದು ಪಟ್ಟಿ ಮಾಡುತ್ತೇವೆ. ಸ್ಕೂಟರ್ ಓಡಿಸುವುದು, ಚಪಾತಿ ಮಾಡುವುದು, ಬ್ಯಾಂಕಿಗೆ ಫೋನ್ ಮಾಡುವುದು, ಹೀಗೆ ಮೊದಲು ಬರುತ್ತಿದ್ದು ಈಗ ಆಗದ ಕೆಲಸಗಳು. ಅವು ಒಂದೊಂದಾಗಿ ವಾಪಸ್ ಬರುತ್ತಿವೆಯಾ ಅನ್ನುವುದೇ ಅಲ್ಲಿ ಅಳತೆ.

ಗುರಿಗಳನ್ನು ಬರೆಯಲು 1968ರಲ್ಲಿ ಕಿರೆಸುಕ್ ಮತ್ತು ಶರ್ಮನ್ ಅನ್ನುವವರು ಕೊಟ್ಟ ವಿಧಾನ ಬಳಸುತ್ತೇನೆ. ಒಂದು ಗುರಿಗೆ ಐದು ಮೆಟ್ಟಿಲು, -2ರಿಂದ +2. ಈಗಿನ ಸ್ಥಿತಿಯನ್ನು ನಾನು -1ರಲ್ಲಿ ಇಡುತ್ತೇನೆ, ಇನ್ನೂ ಕೆಟ್ಟರೆ ಬರೆಯಲು ಕೆಳಗೊಂದು ಜಾಗ ಇರಲಿ ಅಂತ. ಗಣಿತದ ಟೀಚರ್ ಬರೆದ ಗುರಿ ಇದು: ಶಾಲೆಯಿಂದ ಬಂದು ಬಾಗಿಲು ಹಾಕಿಕೊಂಡು ಮಲಗಿಬಿಡುವ ಸಂಜೆಗಳು. ವಾರಕ್ಕೆ ನಾಲ್ಕು ಅಂದರೆ -1. ಐದು ಅಥವಾ ಜಾಸ್ತಿ ಆದರೆ -2. ಎರಡು ಮೂರಕ್ಕೆ ಇಳಿದರೆ 0. ಒಂದಕ್ಕೆ ಇಳಿದರೆ +1. ಒಂದೂ ಇಲ್ಲದಿದ್ದರೆ +2. ಗುರಿಯ ಮಾತು ಅವರದೇ ಇರಬೇಕು. "ಆತ್ಮವಿಶ್ವಾಸ ಹೆಚ್ಚಬೇಕು" ಅಂತ ಬರೆದರೆ ಅದನ್ನು ಎಣಿಸಲಾಗುವುದಿಲ್ಲ. ಮನೆಯವರು ಹೇಳಿಕೊಟ್ಟ ಗುರಿ ಮಾತು ಕೇಳುವಾಗಲೇ ಗೊತ್ತಾಗುತ್ತದೆ. "ಎಲ್ಲರ ಜೊತೆ ಬೆರೀಬೇಕು" ಅಂತ ಶುರುವಾಗುತ್ತದೆ. ಅದನ್ನು ಪಕ್ಕಕ್ಕಿಟ್ಟು, "ಅದು ಆದರೆ ನಿಮಗೆ ಏನು ಸಿಗತ್ತೆ?" ಅಂತ ಕೇಳುತ್ತೇನೆ.

ತಂದೆತಾಯಿಯ ಅಭಿಪ್ರಾಯ ಬೇಡ ಅಂತಲ್ಲ. ನಮ್ಮಲ್ಲಿ ಮೂವತ್ತರ ಮಗನ ಜೊತೆಗೂ ಅಮ್ಮ ಬರುತ್ತಾರೆ, ಅವರು ನೋಡಿದ್ದು ಬೇರೆ ಯಾರೂ ನೋಡಿರುವುದಿಲ್ಲ. ಅವರಿಗೂ ಹಾಳೆ ಕೊಡುತ್ತೇನೆ, ಬೇರೆ ಹಾಳೆ. ಎರಡನ್ನೂ ಪಕ್ಕಪಕ್ಕ ಇಡುತ್ತೇನೆ, ಸರಾಸರಿ ಮಾಡುವುದಿಲ್ಲ. "ಈಗ ಸುಮ್ನಿರ್ತಾನೆ, ಹಟ ಇಲ್ಲ, ಚೆನ್ನಾಗಿದ್ದಾನೆ" ಅಂತ ಅಮ್ಮ ಬರೆದ ವಾರವೇ ಮಗ ಎಲ್ಲದರಿಂದ ಮುದುಡಿಕೊಂಡ ವಾರವಾಗಿರುವುದನ್ನು ನೋಡಿದ್ದೇನೆ. ಮಾತು ಬಾರದ ವಯಸ್ಕರಿಗೆ ಮಾತ್ರ ನೋಡಿಕೊಳ್ಳುವವರ ಕಣ್ಣೇ ಆಧಾರ. ಅಲ್ಲಿ ನಿದ್ದೆ, ಊಟ, ತಲೆ ಚಚ್ಚಿಕೊಂಡ ಸಲ, ಇಷ್ಟದ ಕೆಲಸಕ್ಕೆ ತಾನಾಗಿ ಹೋದ ಸಲ, ಇವನ್ನು ದಿನವೂ ಗೆರೆ ಹಾಕಿ ಎಣಿಸುವಂತೆ ಹೇಳುತ್ತೇನೆ. ಅಲ್ಲೂ ಚಿತ್ರದ ಕಾರ್ಡ್ ಇಟ್ಟು ಅವರನ್ನೇ ಕೇಳುವುದನ್ನು ಬಿಡುವುದಿಲ್ಲ.

ಬದುಕಿನ ಗುಣಮಟ್ಟಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ 26 ಪ್ರಶ್ನೆಗಳ ಪಟ್ಟಿ ಇದೆ. ಅದರ ಜೊತೆ ಸೇರಿಸಿಕೊಳ್ಳಲು ಆಟಿಸಂ ಇರುವವರಿಗಾಗಿಯೇ 9 ಪ್ರಶ್ನೆಗಳನ್ನು 2018ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ರೂಪಿಸಿದರು. ಆಟಿಸಂ ನಿಮ್ಮ ಗುರುತಿನ ಒಂದು ಭಾಗ ಅನ್ನುವುದರ ಬಗ್ಗೆ ನಿಮಗೆ ಸಮಾಧಾನ ಇದೆಯಾ ಅಂತ ಅದರಲ್ಲೊಂದು ಪ್ರಶ್ನೆ. ಬೇರೆಲ್ಲ ಅಂಕ ಹಾಗೇ ನಿಂತು ಇದೊಂದೇ ಮೇಲೇರಿದ್ದನ್ನು ಕಂಡಿದ್ದೇನೆ. ನಂತರದ ತಿಂಗಳುಗಳಲ್ಲಿ ಉಳಿದವೂ ನಿಧಾನಕ್ಕೆ ಸುಧಾರಿಸಿದವು. ಹಾಗಾಗಿ ಥೆರಪಿ ಮುಗಿದ ದಿನಕ್ಕೆ ಅಳತೆ ನಿಲ್ಲಿಸದೆ ಮೂರು ತಿಂಗಳಿಗೆ, ಆರು ತಿಂಗಳಿಗೆ ಮತ್ತೆ ಫಾರ್ಮ್ ಕಳಿಸುತ್ತೇನೆ.

ಶುರುವಿನಲ್ಲೂ ಒಂದೇ ಸಲ ಅಳೆದರೆ ಸಾಲದು. ಜನ ಬರುವುದೇ ತೀರಾ ಕೆಟ್ಟ ವಾರದಲ್ಲಿ. ಸುಮ್ನೆ ಬಿಟ್ಟರೂ ಮುಂದಿನ ವಾರ ಸ್ವಲ್ಪ ಇಳಿಯುತ್ತದೆ, ಅದನ್ನು ಥೆರಪಿಯ ಹೆಸರಿಗೆ ಬರೆದುಕೊಳ್ಳುವುದು ನ್ಯಾಯವಲ್ಲ. ಮೊದಲ ಕೆಲವು ಭೇಟಿ ಮಾತು, ಪರಿಚಯ, ಅಳತೆ ಅಷ್ಟೇ ಇಟ್ಟುಕೊಳ್ಳುತ್ತೇನೆ. ಪ್ರತಿ ಫಾರ್ಮಿನ ಕೆಳಗೆ ಆ ಹದಿನೈದು ದಿನದಲ್ಲಿ ಏನೇನು ಬದಲಾಯಿತು ಅಂತ ಒಂದು ಸಾಲು. ಹೊಸ ಮ್ಯಾನೇಜರ್, ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಕೊರೆತ, ಮನೆಯಿಂದಲೇ ಕೆಲಸಕ್ಕೆ ಒಪ್ಪಿಗೆ, ಮಾತ್ರೆ ಬದಲು. ಎಷ್ಟೋ ಸಲ ಗ್ರಾಫಿನ ದೊಡ್ಡ ಇಳಿತದ ಕೆಳಗೆ "ಸೀಟು ಕಿಟಕಿ ಪಕ್ಕಕ್ಕೆ ಬದಲಾಯಿತು" ಅಂತ ಇರುತ್ತದೆ. ಆ ಸೀಟು ಕೇಳಿ ಪಡೆಯಲು ಮೇಲ್ ಬರೆದದ್ದು ನಮ್ಮ ಸೆಷನ್ನಿನಲ್ಲೇ ಆಗಿದ್ದರೆ ಅದನ್ನೂ ಬರೆದಿಡುತ್ತೇನೆ. ಅಂಗವೈಕಲ್ಯ ಹಕ್ಕುಗಳ 2016ರ ಕಾಯ್ದೆಯಲ್ಲಿ ಆಟಿಸಂ ಸೇರಿದೆ, ಇಂಥ ಅನುಕೂಲ ಕೇಳುವುದು ಹಕ್ಕು ಅಂತ ಆ ಮೇಲ್‌ನಲ್ಲಿ ಹೇಳಲು ಬರುತ್ತದೆ.

ಇಷ್ಟೆಲ್ಲ ಸೇರಿ ಒಂದು ಪುಟ ಆಗುತ್ತದೆ. ಮೇಲೆ ಚೆನ್ನಾಗಿದ್ದ ಕಾಲದ ಅಂಕ, ಅದರ ಕೆಳಗೆ ಈಗಿನ ಗ್ರಾಫ್, ಸುಧಾರಿಸಿಕೊಳ್ಳುವ ಗಂಟೆಗಳು, ಗುರಿಯ ಮೆಟ್ಟಿಲುಗಳು, ಬದಲಾವಣೆಯ ಸಾಲುಗಳು. ಅದರ ಒಂದು ಪ್ರತಿ ಬಂದವರ ಕೈಗೇ ಕೊಡುತ್ತೇನೆ. ಟೆಸ್ಟಿಂಗ್ ಕೆಲಸದ ಆ ಯುವಕ ಅದನ್ನು ಮಾತ್ರೆ ಬರೆಯುವ ಡಾಕ್ಟರ ಹತ್ತಿರ ತೆಗೆದುಕೊಂಡು ಹೋದರು. ಅಂಕ 10 ನೋಡಿ ಡಾಕ್ಟರು ಡೋಸ್ ಹೆಚ್ಚಿಸುವ ಯೋಚನೆಯಲ್ಲಿದ್ದರಂತೆ. ಪುಟದ ಮೇಲಿನ 9 ತೋರಿಸಿ, ಯಾವ ಪ್ರಶ್ನೆಗೆ ಎಷ್ಟು ಅಂತ ಇವರೇ ವಿವರಿಸಿದ್ದಾರೆ. ಡಾಕ್ಟರು ಪೂರ್ತಿ ಓದಿ, ಡೋಸ್ ಇದ್ದಷ್ಟೇ ಇರಲಿ, ಮೂರು ತಿಂಗಳು ಬಿಟ್ಟು ಇದೇ ಪುಟದ ಮುಂದಿನ ಭಾಗ ತನ್ನಿ ಅಂದರಂತೆ.